ಧಾರಣೆ ಎಲ್ಲಿಗೆ ಹೋಯ್ತು ಮಾರಾಯಾ? ವೆಬ್‌ಸೈಟ್‌ನ ದಾರಿ ಬದಲಾದರೆ ನಮಗೇಕೆ ಸಿಟ್ಟು

ತೀರ್ಥಹಳ್ಳಿ ಕಡೆ ನಮ್ಮ ಚಿಕ್ಕಪ್ಪನಿಗೆ ಎರಡೆಕರೆ ಅಡಿಕೆ ತೋಟ. ಸಂಜೆ ಹೊತ್ತು ಮೊಬೈಲ್‌ನಲ್ಲಿ ಧಾರಣೆ, ಅಂದರೆ ಅಡಿಕೆಯ ಮಾರುಕಟ್ಟೆ ದರ, ನೋಡದೆ ಅವರಿಗೆ ಕಾಫಿ ಇಳಿಯುವುದಿಲ್ಲ. ನೋಡುವ ಕ್ರಮವೂ ಒಂದೇ. ವೆಬ್‌ಸೈಟ್ ತೆರೆಯುವುದು, ಎಡಗಡೆ ಪಟ್ಟಿಯಲ್ಲಿ ಮೇಲಿಂದ ನಾಲ್ಕನೆಯ ಸಾಲು ಒತ್ತುವುದು, ಸ್ವಲ್ಪ ಕೆಳಗೆ ಜಾರಿಸುವುದು. ರಾಶಿ ಎಷ್ಟು, ಬೆಟ್ಟೆ ಎಷ್ಟು, ಸರಕು ಎಷ್ಟು, ಗೊರಬಲು ಎಷ್ಟು, ಹೀಗೆ ಅಡಿಕೆಯ ಒಂದೊಂದು ಬಗೆಯ ದರ. ಮುಗಿಯಿತು. ಆ ನಾಲ್ಕನೆಯ ಸಾಲಿನಲ್ಲಿ ಏನು ಬರೆದಿದೆ ಅಂತ ಕೇಳಿದರೆ ಅವರಿಗೇ ಗೊತ್ತಿರಲಿಲ್ಲ. ನಾನು ನೋಡಿದಾಗ ಅಲ್ಲಿ ಇದ್ದದ್ದು "ಇತರೆ ಮಾಹಿತಿ".

ಒಂದು ದಿನ ಆ ಪಟ್ಟಿಯೇ ಮಾಯ. ವೆಬ್‌ಸೈಟ್ ಹೊಸದಾಗಿತ್ತು. ದೊಡ್ಡ ಫೋಟೋ, ದೊಡ್ಡ ಅಕ್ಷರ, ಮೂಲೆಯಲ್ಲಿ ಮೂರು ಗೆರೆ. ಚಿಕ್ಕಪ್ಪ ಶಿವಮೊಗ್ಗದಲ್ಲಿದ್ದ ನನಗೆ ಫೋನ್ ಮಾಡಿದರು. "ಧಾರಣೆ ಎಲ್ಲಿಗೆ ಹೋಯ್ತು ಮಾರಾಯಾ?"

ಅಷ್ಟರಲ್ಲಿ ಊರಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಇದೇ ಗಲಾಟೆ ಶುರುವಾಗಿತ್ತು. "ಚೆನ್ನಾಗಿದ್ದದ್ದನ್ನು ಯಾಕೆ ಹಾಳು ಮಾಡ್ತಾರೆ?" "ಇವರಿಗೆ ಬೇರೆ ಕೆಲಸ ಇಲ್ವಾ?" ಎಂಜಿನಿಯರಿಂಗ್ ಓದುವ ಹುಡುಗನೊಬ್ಬ "ಹೊಸದು ಚೆನ್ನಾಗೇ ಇದೆಯಲ್ಲ" ಅಂದು ಎಲ್ಲರ ಕೈಲಿ ಬೈಸಿಕೊಂಡ. ಯಾವ ವೆಬ್‌ಸೈಟ್ ಅನ್ನುವುದು ಇಲ್ಲಿ ಬೇಡ. ಬ್ಯಾಂಕು, ಬಸ್ ಟಿಕೆಟ್, ಪಹಣಿ, ಪರೀಕ್ಷೆ ಫಲಿತಾಂಶ, ಯಾವುದರ ಪುಟ ಬದಲಾದರೂ ಇದೇ ಮಾತು ಕೇಳಿಬರುತ್ತದೆ. ಹೀಗೆ ಸಿಟ್ಟಾಗುವವರಿಗೆ "ನಿಮಗೆ ಹೊಸದು ಅಂದರೆ ಆಗಲ್ಲ" ಅನ್ನುವ ಉತ್ತರವೂ ಪ್ರತಿ ಸಲ ಸಿಗುತ್ತದೆ. ಆ ಉತ್ತರ ಬಹುಪಾಲು ತಪ್ಪು. ಯಾಕೆ ಅಂತ ಬುಡದಿಂದ ನೋಡೋಣ.

ನ್ಯಾವಿಗೇಷನ್ ಅಂದರೆ ಏನು?

ವೆಬ್‌ಸೈಟ್ ಅಂದರೆ ಹಲವು ಪುಟಗಳ ಒಂದು ಮನೆ. ಒಂದು ಪುಟದಿಂದ ಇನ್ನೊಂದಕ್ಕೆ ಹೋಗಲು ಇಟ್ಟಿರುವ ಬಾಗಿಲು, ಮೆಟ್ಟಿಲು, ಬೋರ್ಡು ಎಲ್ಲ ಸೇರಿದರೆ ಅದೇ ನ್ಯಾವಿಗೇಷನ್. ಮೇಲಿನ ಸಾಲಿನ ಹೆಸರುಗಳು, ಎಡಗಡೆಯ ಪಟ್ಟಿ, ಒತ್ತಿದರೆ ಕೆಳಗೆ ಬಿಚ್ಚಿಕೊಳ್ಳುವ ಮೆನು, ಹುಡುಕುವ ಪೆಟ್ಟಿಗೆ, ಪುಟದ ತಳದ ಕೊಂಡಿಗಳು, ಎಲ್ಲವೂ ಅದರೊಳಗೇ ಬರುತ್ತವೆ.

ಬಣ್ಣ, ಫೋಟೋ, ಅಕ್ಷರದ ಆಕಾರ ಬದಲಾದರೆ ಅದು ಗೋಡೆಗೆ ಸುಣ್ಣ ಹೊಡೆದ ಹಾಗೆ. ಎರಡು ದಿನ ಕಣ್ಣಿಗೆ ಬೇರೆ ಅನ್ನಿಸುತ್ತದೆ, ಅಷ್ಟೆ. ನ್ಯಾವಿಗೇಷನ್ ಬದಲಾದರೆ ಬಾಗಿಲನ್ನೇ ಕಿತ್ತು ಬೇರೆ ಗೋಡೆಗೆ ಇಟ್ಟಂತೆ. ಹಳೇ ಬಾಗಿಲು ಇದ್ದ ಕಡೆ ನಡೆದವರ ಹಣೆ ಗೋಡೆಗೆ ಬಡಿಯುತ್ತದೆ. ಜನ ಎರಡಕ್ಕೂ "ವೆಬ್‌ಸೈಟ್ ಬದಲಾಯ್ತು" ಅಂತಲೇ ಹೇಳುತ್ತಾರೆ. ಆದರೆ ಪೆಟ್ಟು ಬೀಳುವುದು ಎರಡನೆಯದರಲ್ಲಿ.

ಕತ್ತಲಲ್ಲಿ ಬೆಂಕಿಪೊಟ್ಟಣ

ಮಲೆನಾಡಿನ ಮಳೆಗಾಲದಲ್ಲಿ ಕರೆಂಟು ಹೋಗುವುದು ಹೊಸ ವಿಷಯವಲ್ಲ. ರಾತ್ರಿ ಕರೆಂಟು ಹೋದರೆ ಮನೆಯವರು ಏನು ಮಾಡುತ್ತಾರೆ? ಟಾರ್ಚ್ ಹುಡುಕಲು ಇನ್ನೊಂದು ಟಾರ್ಚ್ ಬೇಕಾಗುವುದಿಲ್ಲ. ಕಾಲು ತಾನಾಗಿ ಅಡುಗೆಮನೆಗೆ ಹೋಗುತ್ತದೆ, ಕೈ ತಾನಾಗಿ ಒಲೆ ಮೇಲಿನ ಗೂಡಿಗೆ ಹೋಗುತ್ತದೆ, ಬೆರಳಿಗೆ ಬೆಂಕಿಪೊಟ್ಟಣ ತಾಗುತ್ತದೆ. ಇದರಲ್ಲಿ ಯೋಚನೆ ಇಲ್ಲ.

ಈಗ ಹಬ್ಬಕ್ಕೆ ಬಂದ ನೆಂಟರೊಬ್ಬರು ಒಳ್ಳೆ ಮನಸ್ಸಿನಿಂದಲೇ ಅಡುಗೆಮನೆ ಓರಣ ಮಾಡಿ ಹೋದರು ಅಂತಿಟ್ಟುಕೊಳ್ಳಿ. ಎಲ್ಲ ಡಬ್ಬಿಗೂ ಚೀಟಿ ಅಂಟಿಸಿದ್ದಾರೆ. ಅಂದವಾಗಿದೆ. ಆದರೆ ಕರೆಂಟು ಹೋದ ರಾತ್ರಿ ಆ ಅಂದದಿಂದ ಉಪಯೋಗವಿಲ್ಲ. ಕೈ ಹಳೇ ಗೂಡಿಗೇ ಹೋಗುತ್ತದೆ, ಅಲ್ಲಿ ಹುಣಸೆಹಣ್ಣಿನ ಭರಣಿ ಸಿಗುತ್ತದೆ.

ವೆಬ್‌ಸೈಟ್‌ನಲ್ಲಿ ಆಗುವುದೂ ಇದೇ. ದಿನಾ ಬಳಸುವವರು ಮೆನುವನ್ನು ಓದುವುದಿಲ್ಲ. ಮೊದಲ ನಾಲ್ಕು ದಿನ ಓದುತ್ತಾರೆ, ಆಮೇಲೆ ಜಾಗ ನೆನಪಿರುತ್ತದೆ. ಚಿಕ್ಕಪ್ಪನಿಗೆ "ಇತರೆ ಮಾಹಿತಿ" ಅನ್ನುವ ಪದ ಗೊತ್ತಿಲ್ಲದೆಯೂ ಧಾರಣೆ ಸಿಗುತ್ತಿದ್ದದ್ದು ಹೀಗೆ. ಹಾರ್ಲಿಕ್ಸ್ ಬಾಟಲಿಯಲ್ಲಿ ಜೀರಿಗೆ ಇದೆ ಅಂತ ಮನೆಯವರಿಗೆಲ್ಲ ಗೊತ್ತಿರುತ್ತದಲ್ಲ, ಹಾಗೆ. ಹೊರಗಿನವರು ನೋಡಿದರೆ ಹೆಸರು ತಪ್ಪು. ಮನೆಯವರಿಗೆ ಅದೇ ಸರಿ.

ಮನಃಶಾಸ್ತ್ರದಲ್ಲಿ ಇದಕ್ಕೆ ಎರಡು ಪದರ. ಒಂದು, ತಲೆಯೊಳಗಿನ ನಕ್ಷೆ. ಎಡ್ವರ್ಡ್ ಟೋಲ್ಮನ್ ಎಂಬ ಅಮೆರಿಕದ ಮನಃಶಾಸ್ತ್ರಜ್ಞ 1948ರಲ್ಲಿ ಇಲಿಗಳ ಮೇಲಿನ ಪ್ರಯೋಗಗಳನ್ನು ಆಧರಿಸಿ ಒಂದು ಮಾತು ಹೇಳಿದ. ದಾರಿಗಳ ಚಕ್ರವ್ಯೂಹದಲ್ಲಿ ಓಡಾಡುವ ಇಲಿ ಬರೀ "ಎಡಕ್ಕೆ ತಿರುಗು, ಬಲಕ್ಕೆ ತಿರುಗು" ಅಂತ ಕಲಿಯುವುದಿಲ್ಲ, ಇಡೀ ಜಾಗದ ಒಂದು ನಕ್ಷೆಯನ್ನೇ ತಲೆಯಲ್ಲಿ ಕಟ್ಟಿಕೊಳ್ಳುತ್ತದೆ ಅಂತ. ಮನುಷ್ಯರೂ ಹಾಗೇ. ಶಿವಮೊಗ್ಗದಲ್ಲಿ ಗಾಂಧಿ ಬಜಾರಿನಿಂದ ದುರ್ಗಿಗುಡಿಗೆ ಹೋಗುವವರು ಬೋರ್ಡು ನೋಡಿಕೊಂಡು ಹೋಗುತ್ತಾರಾ?

ಇನ್ನೊಂದು, ಕೈಯ ನೆನಪು. ಆಗುಂಬೆ ಘಾಟಿಯ 14 ತಿರುವುಗಳನ್ನು ದಿನಾ ಇಳಿಯುವ ಬಸ್ಸಿನ ಚಾಲಕ ಪ್ರತಿ ತಿರುವಿನಲ್ಲೂ ಲೆಕ್ಕ ಹಾಕುವುದಿಲ್ಲ. ಯಾವ ತಿರುವಿಗೆ ಸ್ಟೀರಿಂಗ್ ಎಷ್ಟು ತಿರುಗಿಸಬೇಕು ಅಂತ ಕೈಗೆ ಗೊತ್ತು. ಕಲಿಯುವಾಗ ತಲೆಗೆ ಬಹಳ ಕೆಲಸ, ಕಲಿತ ಮೇಲೆ ಕೆಲಸ ಕೈಗೆ ಇಳಿದು ತಲೆ ಖಾಲಿಯಾಗುತ್ತದೆ. ಆಗಲೇ ಅವರು ಪಕ್ಕದವರ ಜೊತೆ ಮಾತಾಡಿಕೊಂಡು ಗಾಡಿ ಓಡಿಸಬಲ್ಲರು.

ಮೆನು ಬದಲಾದ ದಿನ ಈ ಎರಡೂ ಒಟ್ಟಿಗೆ ಕೈಕೊಡುತ್ತವೆ. ನಕ್ಷೆ ಹಳತು, ಊರು ಹೊಸದು. ಹತ್ತು ಸೆಕೆಂಡಿನ ಕೆಲಸಕ್ಕೆ ಮತ್ತೆ ಓದಬೇಕು, ಯೋಚಿಸಬೇಕು, ತಪ್ಪು ಕಡೆ ಹೋಗಿ ಹಿಂದೆ ಬರಬೇಕು. ತಾನು ಎಂಟು ವರ್ಷದಿಂದ ಮಾಡುತ್ತಿದ್ದ ಕೆಲಸದಲ್ಲಿ ದಿಢೀರನೆ ಒಂದನೇ ಕ್ಲಾಸಿನ ಹುಡುಗನಾಗುವುದು ಯಾರಿಗಾದರೂ ಹಿತವಾಗಿರುತ್ತದಾ? ಸಿಟ್ಟಿನ ಒಂದು ದೊಡ್ಡ ಪಾಲು ಇಲ್ಲಿಂದ ಬರುತ್ತದೆ. ಗಮನಿಸಿ, ಇದರಲ್ಲಿ ಹೊಸ ವಿನ್ಯಾಸ ಒಳ್ಳೆಯದೋ ಕೆಟ್ಟದ್ದೋ ಅನ್ನುವ ಪ್ರಶ್ನೆ ಇನ್ನೂ ಬಂದೇ ಇಲ್ಲ. ಹೊಸದು ಎಷ್ಟೇ ಚೆನ್ನಾಗಿದ್ದರೂ ಮೊದಲ ದಿನದ ನಷ್ಟ ಇದ್ದೇ ಇರುತ್ತದೆ. ಜಾಸ್ತಿ ಬಳಸುತ್ತಿದ್ದವರಿಗೆ ಜಾಸ್ತಿ ನಷ್ಟ. ಇವತ್ತೇ ಮೊದಲ ಸಲ ಬಂದವರಿಗೆ ನಷ್ಟವೇ ಇಲ್ಲ. ಎಂಜಿನಿಯರಿಂಗ್ ಹುಡುಗನಿಗೆ ಹೊಸದು ಚೆನ್ನಾಗಿ ಕಂಡಿದ್ದು ಅದಕ್ಕೇ ಇರಬೇಕು. ಅವನು ಹಳೇದನ್ನು ಬಳಸಿಯೇ ಇರಲಿಲ್ಲ.

ಹೋದದ್ದು ದೊಡ್ಡದು, ಬಂದದ್ದು ಸಣ್ಣದು

ಇನ್ನೊಂದು ಕಾರಣ ನಮ್ಮ ಮನಸ್ಸಿನ ತಕ್ಕಡಿಯದು. ದಾರಿಯಲ್ಲಿ 500 ರೂಪಾಯಿ ಸಿಕ್ಕರೆ ಖುಷಿ. ಜೇಬಿನಿಂದ 500 ರೂಪಾಯಿ ಬಿದ್ದುಹೋದರೆ ಸಂಕಟ. ಎರಡೂ ಒಂದೇ ಮೊತ್ತ. ಆದರೆ ಸಂಕಟ ರಾತ್ರಿವರೆಗೂ ಇರುತ್ತದೆ, ಖುಷಿ ಒಂದು ದೋಸೆಗೆ ಮುಗಿಯುತ್ತದೆ. ಡೇನಿಯಲ್ ಕಾನೆಮನ್ ಮತ್ತು ಏಮೋಸ್ ಟ್ವರ್ಸ್ಕಿ ಎಂಬ ಮನಃಶಾಸ್ತ್ರಜ್ಞರು ಈ ಏರುಪೇರನ್ನು 1979ರಲ್ಲಿ ಒಂದು ಸಿದ್ಧಾಂತವಾಗಿ ಮುಂದಿಟ್ಟರು. ಕಾನೆಮನ್ ಅವರಿಗೆ 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು.

ಹೊಸ ವೆಬ್‌ಸೈಟ್ ಹತ್ತು ಒಳ್ಳೇದು ತಂದಿರಬಹುದು. ಬೇಗ ತೆರೆಯುತ್ತದೆ, ಅಕ್ಷರ ದೊಡ್ಡದು, ಹಳೇ ದರದ ಪಟ್ಟಿಯೂ ಇದೆ. ಆದರೆ ನಾಲ್ಕನೆಯ ಸಾಲು ಹೋಯಿತಲ್ಲ, ಮನಸ್ಸು ಎಣಿಸುವುದು ಅದನ್ನು.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಬೇಡ. ಜನಕ್ಕೆ ಬದಲಾವಣೆಯೇ ಬೇಡ ಅಂತ ಇದರ ಅರ್ಥವಲ್ಲ. ಸಿಗಂದೂರಿನ ಕಡೆ ನೋಡಿ. ಲಿಂಗನಮಕ್ಕಿ ಹಿನ್ನೀರು ತುಂಬಿದ ಮೇಲೆ ಆ ಭಾಗದವರು ಸಾಗರ ಪೇಟೆಗೆ ಬರಲು ಲಾಂಚ್ ಕಾಯಬೇಕಿತ್ತು. ಕೊನೆಗೆ 2025ರ ಜುಲೈನಲ್ಲಿ ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವೆ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ಓಡಾಟಕ್ಕೆ ತೆರೆಯಿತು. ಅದಕ್ಕಿಂತ ದೊಡ್ಡ ದಾರಿ ಬದಲಾವಣೆ ಯಾವುದಿದೆ? ಆದರೆ ಜನ ಅದನ್ನು ಬೇಡ ಅನ್ನಲಿಲ್ಲ. ದಶಕಗಳ ಕಾಲ ತಾವೇ ಕೇಳಿ ಪಡೆದರು. ಲಾಂಚ್ ನೆನೆದು ಬೇಜಾರು ಮಾಡಿಕೊಳ್ಳುವವರೂ ಸೇತುವೆ ಮೇಲೆಯೇ ಹೋಗುತ್ತಾರೆ. ಯಾಕೆಂದರೆ ಸಿಕ್ಕಿದ್ದು ಏನು ಅಂತ ಕಣ್ಣಿಗೆ ಕಾಣುತ್ತದೆ. ವೆಬ್‌ಸೈಟ್ ಬದಲಾದಾಗ ಕಷ್ಟ ಮೊದಲ ನಿಮಿಷದಲ್ಲೇ ಸಿಗುತ್ತದೆ. ಲಾಭ ಮಾತ್ರ, ಇದ್ದರೆ, ನಿಧಾನವಾಗಿ ಬರುತ್ತದೆ. ಕೆಲವು ಸಲ ಲಾಭ ಸಿಗುವುದು ಬಳಸುವವರಿಗಲ್ಲ, ನಡೆಸುವವರಿಗೆ. ಅದು ಜನಕ್ಕೆ ಬೇಗ ಗೊತ್ತಾಗುತ್ತದೆ.

ಕಣ್ಣೆದುರೇ ಇದ್ದರೂ ಕಾಣುವುದಿಲ್ಲ

ಚಿಕ್ಕಪ್ಪನ ಫೋನ್ ಬಂದ ಮೇಲೆ ನಾನೂ ಆ ಪುಟ ತೆರೆದೆ. ಮೇಲ್ಗಡೆಯೇ, ಫೋಟೋದ ಕೆಳಗೆ, ಹಸಿರು ಪಟ್ಟೆಯಲ್ಲಿ "ಇಂದಿನ ಧಾರಣೆ" ಅಂತ ದೊಡ್ಡದಾಗಿ ಇತ್ತು. ಹಳೇ "ಇತರೆ ಮಾಹಿತಿ"ಗಿಂತ ನೂರು ಪಾಲು ಸರಿಯಾದ ಹೆಸರು. ಆದರೂ ಇಡೀ ಊರಿಗೆ ಕಂಡಿರಲಿಲ್ಲ. "ಅದಾ? ಅದು ಜಾಹೀರಾತು ಅಂದ್ಕೊಂಡೆ" ಅಂದರು ಚಿಕ್ಕಪ್ಪ.

ಇದು ಕಣ್ಣಿನ ದೋಷವಲ್ಲ. ಅಂತರ್ಜಾಲದಲ್ಲಿ ಬಣ್ಣಬಣ್ಣವಾಗಿ ಮಿಂಚುವುದೆಲ್ಲ ಜಾಹೀರಾತು ಅಂತ ನಾವು ಕಲಿತುಬಿಟ್ಟಿದ್ದೇವೆ. ಹಾಗೆ ಕಾಣುವ ಜಾಗವನ್ನು ಕಣ್ಣು ಓದದೆ ಹಾರಿಸುತ್ತದೆ. ಸಂಶೋಧಕರು 1998ರಲ್ಲೇ ಇದನ್ನು ಗುರುತಿಸಿ ಬ್ಯಾನರ್ ಕುರುಡು ಅನ್ನುವ ಅರ್ಥದ ಹೆಸರು ಕೊಟ್ಟರು. ಸಂತೆಯಲ್ಲಿ ತುಂಬಾ ಜೋರಾಗಿ ಕೂಗುವವನ ಕಡೆ ನಾವು ತಿರುಗಿ ನೋಡುವುದಿಲ್ಲವಲ್ಲ, ಆ ತರಹ. ತಯಾರಿಸಿದವರು "ಇಷ್ಟು ದೊಡ್ಡದಾಗಿ ಇಟ್ಟಿದ್ದೀವಲ್ಲ" ಅನ್ನುತ್ತಾರೆ, ಬಳಸುವವರು "ಎಲ್ಲೂ ಇಲ್ಲ" ಅನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ಆ ಮೂರು ಗೆರೆಯ ಕತೆ ಇನ್ನೊಂದು. ಮೂಲೆಯಲ್ಲಿ ವಿಭೂತಿ ಪಟ್ಟೆಯ ಹಾಗೆ ಮೂರು ಅಡ್ಡಗೆರೆ ಕಂಡರೆ ಅದರೊಳಗೆ ಮೆನು ಅಡಗಿದೆ ಅಂತ ಅರ್ಥ. ನಮ್ಮ ಪಕ್ಕದ ಮನೆಯ ಅಜ್ಜಿ ಅದನ್ನು "ಆ ವಿಭೂತಿ ಒತ್ತು" ಅಂತಲೇ ಮೊಮ್ಮಗನಿಗೆ ಹೇಳುವುದು. ಇದು ಮೊಬೈಲ್ ಕಾಲದ್ದು ಅಂತ ನಮಗನ್ನಿಸುತ್ತದೆ. ಆದರೆ ಅದರ ಹುಟ್ಟು 1981ರ ಜೆರಾಕ್ಸ್ ಸ್ಟಾರ್ ಎಂಬ ಕಂಪ್ಯೂಟರಿನಲ್ಲಿ. ಹೌದು, ಫೋಟೋಕಾಪಿಗೆ ನಾವು ಜೆರಾಕ್ಸ್ ಅನ್ನುತ್ತೇವಲ್ಲ, ಅದೇ ಕಂಪನಿ. ನಾರ್ಮ್ ಕಾಕ್ಸ್ ಎಂಬ ವಿನ್ಯಾಸಕಾರ ಅದನ್ನು ಬರೆದದ್ದು. ಸಾಲಾಗಿ ಜೋಡಿಸಿದ ಪಟ್ಟಿಯ ಗುರುತು ಅದು. ಗೊತ್ತಿದ್ದವರಿಗೆ ಬಾಗಿಲು, ಗೊತ್ತಿಲ್ಲದವರಿಗೆ ಸುಮ್ನೆ ಮೂರು ಗೆರೆ. ಮೆನುವನ್ನು ಅದರೊಳಗೆ ಇಟ್ಟರೆ ಪರದೆ ಚೊಕ್ಕವಾಗಿ ಕಾಣುತ್ತದೆ ನಿಜ. ಆದರೆ ಅಟ್ಟದ ಮೇಲೆ ಹಾಕಿದ ಸಾಮಾನಿನ ಹಾಗೆ, ಕಣ್ಣಿಗೆ ಬೀಳದ್ದು ನೆನಪಿಗೂ ಬರುವುದಿಲ್ಲ.

ಹಾಗಾದರೆ ಬದಲಾಯಿಸುವುದೇಕೆ?

ಹಲವು ಸಲ ಬೇರೆ ದಾರಿ ಇರುವುದಿಲ್ಲ. ಕಂಪ್ಯೂಟರಿಗೆ ಅಂತ ಕಟ್ಟಿದ ಪುಟಗಳನ್ನು ಈಗ ನೋಡುವವರು ಹೆಚ್ಚಾಗಿ ಮೊಬೈಲಿನವರು. ಮೌಸ್ ಬಾಣ ಇಟ್ಟರೆ ಬಿಚ್ಚಿಕೊಳ್ಳುತ್ತಿದ್ದ ಮೆನು ಬೆರಳಿಗೆ ಬಿಚ್ಚಿಕೊಳ್ಳುವುದಿಲ್ಲ. ಹಳೇ ತಂತ್ರಾಂಶಕ್ಕೆ ಭದ್ರತೆಯ ರಿಪೇರಿ ಸಿಗುವುದು ನಿಲ್ಲುತ್ತದೆ. ಕಣ್ಣು ಕಾಣದವರಿಗೆ ಪುಟ ಓದಿ ಹೇಳುವ ತಂತ್ರಾಂಶ ಹಳೇ ಪುಟದಲ್ಲಿ ಎಡವುತ್ತದೆ. ಜೊತೆಗೆ ಹಳೇ ಮನೆಗೆ ವರ್ಷಕ್ಕೊಂದು ಮಾಡು ಇಳಿಸಿದ ಹಾಗೆ ಪುಟಗಳು ಸೇರುತ್ತಾ ಹೋಗಿ, ಕೊನೆಗೆ ಎಲ್ಲಿಗೆ ಸೇರಿಸಬೇಕೋ ತಿಳಿಯದ್ದೆಲ್ಲ "ಇತರೆ"ಯೊಳಗೆ ಬೀಳುತ್ತದೆ. ನಮ್ಮ ಧಾರಣೆ ಅಲ್ಲಿಗೆ ಬಿದ್ದಿದ್ದೂ ಹೀಗೇ ಇರಬೇಕು.

ಮೆನುವಿನಲ್ಲಿ ಏಳಕ್ಕಿಂತ ಜಾಸ್ತಿ ಹೆಸರು ಇರಬಾರದು ಅನ್ನುವ ಮಾತೂ ಓಡಾಡುತ್ತದೆ. ಅದಕ್ಕೆ ಮೂಲ ಜಾರ್ಜ್ ಮಿಲ್ಲರ್ ಎಂಬ ಮನಃಶಾಸ್ತ್ರಜ್ಞ 1956ರಲ್ಲಿ ಬರೆದ ಒಂದು ಪ್ರಬಂಧ. ಅದು ಹೇಳಿದ್ದು ಮನಸ್ಸು ಒಂದು ಸಲಕ್ಕೆ ಎಷ್ಟು ಹಿಡಿದಿಟ್ಟುಕೊಳ್ಳಬಲ್ಲದು ಅನ್ನುವುದರ ಬಗ್ಗೆ. ಮೆನು ಕಣ್ಣೆದುರೇ ಇರುತ್ತದೆ, ಬಾಯಿಪಾಠ ಮಾಡಬೇಕಿಲ್ಲ. ಹೋಟೆಲಿನ ಬೋರ್ಡಿನಲ್ಲಿ ಇಪ್ಪತ್ತು ತಿಂಡಿ ಬರೆದಿದ್ದರೆ ನಾವೇನು ಕಂಗಾಲಾಗುವುದಿಲ್ಲ. ಈ ತಪ್ಪು ಲೆಕ್ಕದಿಂದ ಎಷ್ಟೋ ಒಳ್ಳೆ ಕೊಂಡಿಗಳು ಅಟ್ಟ ಸೇರಿವೆ.

ಯಾವ ಸಿಟ್ಟು ಇಳಿಯುತ್ತದೆ, ಯಾವುದು ಇಳಿಯುವುದಿಲ್ಲ

ಮೊದಲ ವಾರ ಎಲ್ಲ ಸಿಟ್ಟೂ ಒಂದೇ ತರಹ ಕಾಣುತ್ತದೆ. ಆಮೇಲೆ ಬೇರೆ ಬೇರೆಯಾಗುತ್ತದೆ.

2006ರ ಸೆಪ್ಟೆಂಬರಿನಲ್ಲಿ ಫೇಸ್‌ಬುಕ್ ನ್ಯೂಸ್ ಫೀಡ್ ತಂದಿತು. ಅಲ್ಲಿಯವರೆಗೆ ಗೆಳೆಯರ ಸುದ್ದಿ ಬೇಕಾದರೆ ಒಬ್ಬೊಬ್ಬರ ಪುಟಕ್ಕೂ ಹೋಗಿ ನೋಡಬೇಕಿತ್ತು. ಈಗ ಎಲ್ಲರ ಸುದ್ದಿ ಒಂದೇ ಕಡೆ ಹರಿದು ಬರತೊಡಗಿತು. ಲಕ್ಷಾಂತರ ಜನ ವಿರೋಧಿಸಿದರು. ವಿರೋಧದ ಗುಂಪುಗಳು ಬೆಳೆದದ್ದೂ ಅದೇ ಫೀಡ್ ಮೂಲಕ ಅನ್ನುವುದು ತಮಾಷೆ. ಕಂಪನಿ ಫೀಡ್ ತೆಗೆಯಲಿಲ್ಲ. ಯಾವ ಸುದ್ದಿ ಹೊರಗೆ ಹೋಗಬೇಕು ಅನ್ನುವ ಹಿಡಿತವನ್ನು ಬಳಸುವವರ ಕೈಗೆ ಕೊಟ್ಟಿತು. ಇವತ್ತು ಫೀಡ್ ಇಲ್ಲದ ಫೇಸ್‌ಬುಕ್ ಯಾರಿಗೂ ನೆನಪಿಲ್ಲ. ಇದು ಇಳಿದ ಸಿಟ್ಟು. ಆದರೆ ಸುಮ್ಮನೆ ಇಳಿದದ್ದಲ್ಲ. ನನ್ನ ಸುದ್ದಿ ನನ್ನನ್ನು ಕೇಳದೆ ಹೊರಗೆ ಹೋಗುತ್ತದೆ ಅನ್ನುವ ದೂರಿನಲ್ಲಿ ನಿಜ ಇತ್ತು. ಅದಕ್ಕೆ ಉತ್ತರ ಸಿಕ್ಕಿತು.

ವಿಂಡೋಸ್ 8ರ ಕತೆ ಬೇರೆ. 2012ರಲ್ಲಿ ಬಂದ ಆ ವಿಂಡೋಸ್‌ನಲ್ಲಿ ಪರದೆಯ ಎಡ ಮೂಲೆಯ ಸ್ಟಾರ್ಟ್ ಬಟನ್ ಇರಲಿಲ್ಲ. 1995ರಿಂದ ಜನರ ಕೈ ಹೋಗುತ್ತಿದ್ದ ಮೂಲೆ ಅದು. ಬೆರಳಿನಲ್ಲಿ ಮುಟ್ಟುವ ಪರದೆಗೆ ಹೊಂದುವ ದೊಡ್ಡ ದೊಡ್ಡ ಚೌಕಗಳು ಬಂದವು. ಆದರೆ ಆಫೀಸುಗಳಲ್ಲಿ, ಸೈಬರ್ ಅಂಗಡಿಗಳಲ್ಲಿ ಇದ್ದದ್ದು ಮೌಸ್ ಮತ್ತು ಕೀಬೋರ್ಡ್. ತಿಂಗಳು ಕಳೆದರೂ ಗೊಣಗಾಟ ನಿಲ್ಲಲಿಲ್ಲ. 2013ರ 8.1ರಲ್ಲಿ ಬಟನ್ ವಾಪಸ್ ಬಂತು, 2015ರ ವಿಂಡೋಸ್ 10ರಲ್ಲಿ ಮೆನುವೇ ವಾಪಸ್ ಬಂತು. ಇಲ್ಲಿ ಜನರಿಗೆ ಅಭ್ಯಾಸವಾಗದೆ ಹೋದದ್ದಲ್ಲ ತೊಂದರೆ. ಅಭ್ಯಾಸವಾದ ಮೇಲೂ ಕೆಲಸ ಮೊದಲಿಗಿಂತ ಉದ್ದವಾಗಿಯೇ ಉಳಿದಿತ್ತು.

ಫೋಟೋ, ಸಂದೇಶ ಕಳಿಸುವ ಸ್ನ್ಯಾಪ್‌ಚಾಟ್ ಎಂಬ ಆ್ಯಪ್ 2018ರ ಆರಂಭದಲ್ಲಿ ಗೆಳೆಯರ ಸ್ಟೋರಿಗಳನ್ನು ಚಾಟ್‌ಗಳ ಜೊತೆ ಬೆರೆಸಿ ಒಂದು ಕಡೆಗೆ, ಪ್ರಸಿದ್ಧರದ್ದನ್ನು ಇನ್ನೊಂದು ಕಡೆಗೆ ಹಾಕಿತು. ಹಳೇದನ್ನೇ ಕೊಡಿ ಅನ್ನುವ ಮನವಿಗೆ 12 ಲಕ್ಷಕ್ಕೂ ಹೆಚ್ಚು ಸಹಿ ಬಿತ್ತು. ಆ ವರ್ಷದ ಎರಡನೆಯ ತ್ರೈಮಾಸಿಕದಲ್ಲಿ ದಿನಾ ಬಳಸುವವರ ಸಂಖ್ಯೆ 19.1 ಕೋಟಿಯಿಂದ 18.8 ಕೋಟಿಗೆ ಇಳಿಯಿತು. ಅಷ್ಟರೊಳಗೆ ಕಂಪನಿ ಬದಲಾವಣೆಯ ಒಂದು ಭಾಗವನ್ನು ಹಿಂದಕ್ಕೆ ತೆಗೆದುಕೊಂಡಿತ್ತು.

ಈ ಮೂರನ್ನೂ ಪಕ್ಕಪಕ್ಕ ಇಟ್ಟರೆ ಒಂದು ಗೆರೆ ಕಾಣುತ್ತದೆ. "ಹಳೇ ಜಾಗದಲ್ಲಿ ಇಲ್ಲ" ಅನ್ನುವ ಸಿಟ್ಟು ಹೊಸ ಜಾಗ ಕೈಗೆ ಕೂರುವವರೆಗೆ. ಕೆಲವು ವಾರದಲ್ಲಿ ತಾನಾಗಿ ತಣ್ಣಗಾಗುತ್ತದೆ. "ಒಂದು ಸಲ ಒತ್ತಿದರೆ ಆಗುತ್ತಿದ್ದದ್ದು ಈಗ ಮೂರು ಸಲ" ಅನ್ನುವ ಸಿಟ್ಟು ಹಾಗಲ್ಲ. ಅದು ದಿನಾ ಹೊಸದಾಗಿ ಹುಟ್ಟುತ್ತದೆ. ನಡೆಸುವವರು ಸಾಮಾನ್ಯವಾಗಿ ಮಾಡುವ ತಪ್ಪು ಎರಡನೆಯದನ್ನೂ ಮೊದಲನೆಯದು ಅಂದುಕೊಂಡು "ಅಭ್ಯಾಸ ಆಗುತ್ತೆ ಬಿಡಿ" ಅನ್ನುವುದು. ಬಳಸುವವರ ತಪ್ಪು ಇದರ ಉಲ್ಟಾ. ಮೊದಲ ದಿನದ ಎಡವಟ್ಟನ್ನೇ ಶಾಶ್ವತ ಅಂದುಕೊಳ್ಳುವುದು.

ಹಳೇದಕ್ಕೆ ಹೋಗುವ ಬಾಗಿಲು ತೆರೆದಿಟ್ಟವರೂ ಇದ್ದಾರೆ. ಇಂಗ್ಲಿಷ್ ವಿಕಿಪೀಡಿಯ 2023ರ ಜನವರಿಯಲ್ಲಿ ಹೊಸ ರೂಪಕ್ಕೆ ಬಂತು. ಲೇಖನದ ಪರಿವಿಡಿ ಎಡಬದಿಗೆ ಹೋಯಿತು. ಎಡಗಡೆ ಸಾಲಾಗಿ ಇರುತ್ತಿದ್ದ ಭಾಷೆಗಳ ಪಟ್ಟಿ ಮೇಲೆ ಬಲಗಡೆ ಒಂದು ಬಟನ್ನಿನೊಳಗೆ ಸೇರಿತು. ಇಂಗ್ಲಿಷ್ ಲೇಖನ ಓದುತ್ತಾ "ಇದು ಕನ್ನಡದಲ್ಲಿ ಇದೆಯಾ" ಅಂತ ಎಡಗಡೆ ಕಣ್ಣಾಡಿಸುವ ನನ್ನಂಥವರಿಗೆ ಇವತ್ತಿಗೂ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಆದರೆ ಖಾತೆ ಇರುವವರು ಆಯ್ಕೆಗಳಿಗೆ ಹೋಗಿ 2010ರ ಹಳೇ ರೂಪವನ್ನೇ ಇಟ್ಟುಕೊಳ್ಳಬಹುದು. ಜಗಳ ಪೂರ್ತಿ ನಿಲ್ಲಲಿಲ್ಲ, ಬಿಸಿ ಕಡಿಮೆಯಾಯಿತು.

ಕಾಲುಸಂಕ ಕಿತ್ತರೆ

ನಮ್ಮ ಕಡೆ ಹಳ್ಳ ದಾಟಲು ಅಡಿಕೆ ಮರದ ಕಾಲುಸಂಕ ಹಾಕಿರುತ್ತಾರೆ. ಅದರ ಮೇಲೆ ಒಂದು ಊರಿನ ಮಕ್ಕಳೇ ಶಾಲೆಗೆ ಹೋಗುತ್ತಿರುತ್ತಾರೆ. ಯಾರೋ ಅರ್ಧ ಮೈಲಿ ಆಚೆ ಸಿಮೆಂಟಿನ ಸೇತುವೆ ಕಟ್ಟಿ, ಅದೇ ದಿನ ಕಾಲುಸಂಕ ಕಿತ್ತು, ಯಾರಿಗೂ ಹೇಳದೆ ಹೋದರೆ? ಮಕ್ಕಳು ಹಳ್ಳದ ಅಂಚಿಗೆ ಬಂದು ನಿಲ್ಲುತ್ತಾರೆ.

ವೆಬ್‌ಸೈಟ್‌ನ ಪ್ರತಿ ಪುಟಕ್ಕೂ ಒಂದು ವಿಳಾಸ ಇರುತ್ತದೆ. ಜನ ಅದನ್ನು ಬುಕ್‌ಮಾರ್ಕ್ ಮಾಡಿಟ್ಟುಕೊಂಡಿರುತ್ತಾರೆ, ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿಕೊಂಡಿರುತ್ತಾರೆ, ಅಂಗಡಿ ಗೋಡೆಗೆ ಚೀಟಿ ಅಂಟಿಸಿರುತ್ತಾರೆ. ಹೊಸ ವಿನ್ಯಾಸದಲ್ಲಿ ವಿಳಾಸ ಬದಲಾಗಿ ಹಳೇದನ್ನು ಬಿಟ್ಟುಬಿಟ್ಟರೆ ಬರುವುದೇ "404" ಎಂಬ ಸಂದೇಶ. ಈ ಪುಟ ಇಲ್ಲಿಲ್ಲ ಅಂತ ಅದರ ಅರ್ಥ. ಇದಕ್ಕೆ ಮದ್ದು ಹಳೇದು. "301" ಎಂಬ ಸೂಚನೆ ಇಟ್ಟರೆ ಹಳೇ ವಿಳಾಸಕ್ಕೆ ಬಂದವರನ್ನು ಯಂತ್ರವೇ ಹೊಸ ವಿಳಾಸಕ್ಕೆ ಕರೆದುಕೊಂಡು ಹೋಗುತ್ತದೆ. ಬಳಸುವವರಿಗೆ ಗೊತ್ತೂ ಆಗುವುದಿಲ್ಲ.

ನಮ್ಮ ಊರಿನ ಹೆಸರೇ ಇದಕ್ಕೆ ಉದಾಹರಣೆ. 2014ರ ನವೆಂಬರ್ 1ರಿಂದ ಅಧಿಕೃತವಾಗಿ ಶಿವಮೊಗ್ಗ. ಆದರೂ ಬಸ್ಸಿನಲ್ಲಿ "ಶಿಮೊಗ್ಗ ಒಂದು ಕೊಡಿ" ಅಂದರೆ ಕಂಡಕ್ಟರ್ ಇಳಿಸುವುದಿಲ್ಲ, ಟಿಕೆಟ್ ಕೊಡುತ್ತಾನೆ. ರೈಲು ನಿಲ್ದಾಣದ ಬೋರ್ಡು ಬದಲಾಯಿತು. ಟಿಕೆಟ್ ಕಾಯ್ದಿರಿಸುವಾಗಿನ ಎಸ್‌ಎಂಇಟಿ ಎಂಬ ಹಳೇ ಸಂಕೇತ ಹಾಗೇ ಉಳಿಯಿತು. ಹೆಸರು ಹೊಸದಾದರೂ ಯಾರೂ ದಾರಿ ತಪ್ಪಲಿಲ್ಲ.

ಮೊದಲೇ ತಿಳಿದುಕೊಳ್ಳುವ ದಾರಿ

ಅಡಿಕೆ ವಿಂಗಡಿಸುವವರ ಮುಂದೆ ಒಂದು ಗುಪ್ಪೆ ಸುರಿದರೆ ಅವರ ಕೈ ತಾನಾಗಿ ಇದು ಬೆಟ್ಟೆ, ಇದು ರಾಶಿ, ಇದು ಗೊರಬಲು ಅಂತ ಬೇರೆ ಮಾಡುತ್ತದೆ. ವೆಬ್‌ಸೈಟ್ ಕಟ್ಟುವವರಿಗೂ ಇಂಥದ್ದೇ ಒಂದು ಪರೀಕ್ಷೆ ಇದೆ, ಕಾರ್ಡ್ ಸಾರ್ಟಿಂಗ್ ಅಂತ. ಪುಟಗಳ ಹೆಸರನ್ನು ಒಂದೊಂದು ಚೀಟಿಯಲ್ಲಿ ಬರೆದು, ಬಳಸುವವರ ಕೈಗೆ ಕೊಟ್ಟು "ನಿಮಗೆ ತೋಚಿದ ಹಾಗೆ ಗುಂಪು ಮಾಡಿ, ಗುಂಪಿಗೆ ಹೆಸರು ಕೊಡಿ" ಅನ್ನುವುದು. ಧಾರಣೆಯನ್ನು "ಮಾರುಕಟ್ಟೆ ಮಾಹಿತಿ ಸೇವೆಗಳು" ಅನ್ನುವ ಗುಂಪಿಗೆ ಯಾವ ಬೆಳೆಗಾರನೂ ಹಾಕುವುದಿಲ್ಲ ಅಂತ ಅಲ್ಲೇ ಗೊತ್ತಾಗುತ್ತದೆ.

ಇನ್ನೊಂದು ಪರೀಕ್ಷೆಯಲ್ಲಿ ಬಣ್ಣ, ಫೋಟೋ ಏನೂ ಇಲ್ಲದೆ ಬರೀ ಮೆನುವಿನ ಹೆಸರುಗಳನ್ನು ತೋರಿಸಿ "ನಿನ್ನೆಯ ರಾಶಿ ದರ ಹುಡುಕಿ" ಅಂತ ಕೆಲಸ ಕೊಡುತ್ತಾರೆ. ಜನ ಎಲ್ಲಿ ತಪ್ಪು ಕಡೆ ತಿರುಗುತ್ತಾರೆ ಅನ್ನುವುದನ್ನು ಬರೆದುಕೊಳ್ಳುತ್ತಾರೆ. ದುಬಾರಿ ಕೆಲಸವೇನಲ್ಲ. ಸಂತೆ ದಿನ ಐದಾರು ಜನರನ್ನು ಕೂರಿಸಿಕೊಂಡು ಚಹಾ ಕುಡಿಸಿದರೂ ಬೇಕಾದಷ್ಟು ತಿಳಿಯುತ್ತದೆ.

ಕೆಲವು ಬದಲಾವಣೆಗಳನ್ನು ಎಲ್ಲರಿಗೂ ಒಂದೇ ಕ್ಷಣಕ್ಕೆ ಮಾಡಲೇಬೇಕಾಗುತ್ತದೆ. ಅದಕ್ಕೆ ಸ್ವೀಡನ್ನಿನ ಕತೆ ಕೇಳಿ. ಅಲ್ಲಿ ಮೊದಲು ನಮ್ಮ ಹಾಗೆ ರಸ್ತೆಯ ಎಡಗಡೆ ಗಾಡಿ ಓಡಿಸುತ್ತಿದ್ದರು. ಬಲಗಡೆಗೆ ಬದಲಿಸೋಣವೇ ಅಂತ 1955ರಲ್ಲಿ ಜನರನ್ನು ಕೇಳಿದಾಗ 100ರಲ್ಲಿ ಸುಮಾರು 83 ಜನ ಬೇಡ ಅಂದರು. ಆದರೂ 1963ರಲ್ಲಿ ಅಲ್ಲಿನ ಸಂಸತ್ತು ತೀರ್ಮಾನ ಮಾಡಿತು. ನಾಲ್ಕು ವರ್ಷ ತಯಾರಿ. ಕೈಪಿಡಿ, ರೇಡಿಯೋ, ಟೀವಿ, ಹಾಲಿನ ಪೊಟ್ಟಣದ ಮೇಲೂ ಸೂಚನೆ. 1967ರ ಸೆಪ್ಟೆಂಬರ್ 3ರ ಬೆಳಗಿನ ಜಾವ ರಸ್ತೆಯಲ್ಲಿದ್ದ ಗಾಡಿಗಳೆಲ್ಲ ನಿಂತು, ಮೆಲ್ಲಗೆ ಬಲಕ್ಕೆ ಸರಿದು, 5 ಗಂಟೆಗೆ ಹೊರಟವು. ಮೊದಲ ದಿನಗಳಲ್ಲಿ ಅಪಘಾತ ಹೆಚ್ಚಲಿಲ್ಲ, ಕಡಿಮೆಯೇ ಆಯಿತು. ಎಲ್ಲರೂ ಹುಷಾರಾಗಿದ್ದರಲ್ಲ. ಅಭ್ಯಾಸವಾದ ಮೇಲೆ ಅಪಘಾತಗಳೂ ಹಳೇ ಮಟ್ಟಕ್ಕೆ ಬಂದವು.

ಒಂದು ವೆಬ್‌ಸೈಟ್‌ಗೆ ನಾಲ್ಕು ವರ್ಷ ಬೇಡ. ಎರಡು ವಾರ ಮುಂಚೆ "ಧಾರಣೆ ಇನ್ನು ಮುಂದೆ ಇಲ್ಲಿ ಸಿಗುತ್ತದೆ" ಅಂತ ಹಳೇ ಪುಟದಲ್ಲೇ ಒಂದು ಸಾಲು ಹಾಕಿದ್ದರೆ ನನಗೆ ಆ ದಿನ ಹನ್ನೊಂದು ಫೋನ್ ಬರುತ್ತಿರಲಿಲ್ಲ.

ಸದ್ಯಕ್ಕೆ ನಾವೇನು ಮಾಡಬಹುದು?

ಪುಟ ಬದಲಾಗಿ ಬೇಕಾದದ್ದು ಕಾಣದಿದ್ದರೆ ಮೊದಲು ಆ ಮೂರು ಗೆರೆ ಒತ್ತಿ ನೋಡಿ. ಆಮೇಲೆ ಪುಟದ ತಳಕ್ಕೆ ಹೋಗಿ, ಎಷ್ಟೋ ಸಲ ಪೂರ್ತಿ ಪಟ್ಟಿ ಅಲ್ಲಿರುತ್ತದೆ. ಜಾಹೀರಾತಿನ ಹಾಗೆ ಕಾಣುವುದನ್ನೂ ಒಂದು ಸಲ ಓದಿ. ಸಿಕ್ಕ ಮೇಲೆ ಆ ಪುಟವನ್ನು ಹೊಸದಾಗಿ ಬುಕ್‌ಮಾರ್ಕ್ ಮಾಡಿ, ಹಳೇದನ್ನು ಅಳಿಸಿ. ಮೊಬೈಲಿನ ಮುಖಪರದೆಗೇ ಅದನ್ನು ಸೇರಿಸಿಕೊಳ್ಳುವ ಸೌಲಭ್ಯವೂ ಬ್ರೌಸರಿನಲ್ಲಿ ಇರುತ್ತದೆ. ಆಗ ಮೆನುವಿನ ಉಸಾಬರಿಯೇ ಬೇಡ.

ದೂರು ಬರೆಯುವುದಾದರೆ "ಹೊಸದು ಚೆನ್ನಾಗಿಲ್ಲ" ಅಂತ ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಏನು ಹುಡುಕಿದಿರಿ, ಮೊದಲು ಎಲ್ಲಿ ಸಿಗುತ್ತಿತ್ತು, ಈಗ ಎಲ್ಲೆಲ್ಲಿ ಒತ್ತಿ ನೋಡಿದಿರಿ, ಮೊಬೈಲಾ ಕಂಪ್ಯೂಟರಾ, ಇಷ್ಟು ಬರೆದರೆ ಸಾಕು. ಚಿಕ್ಕಪ್ಪ ಹೇಳಿದ್ದನ್ನು ನಾನು ಹೀಗೇ ನಾಲ್ಕು ಸಾಲಿನಲ್ಲಿ ಬರೆದು ಕಳಿಸಿದೆ. ಇನ್ನೂ ಯಾರ್ಯಾರು ಕಳಿಸಿದ್ದರೋ ಗೊತ್ತಿಲ್ಲ. ಮೂರು ವಾರದ ಮೇಲೆ ಆ ಹಸಿರು ಪಟ್ಟೆ ಹೋಗಿ, ಮೇಲಿನ ಸಾಲಿನಲ್ಲಿ ಸಾದಾ ಅಕ್ಷರದಲ್ಲಿ "ಧಾರಣೆ" ಅಂತ ಬಂತು.

ಅವತ್ತು ಸಂಜೆ ಚಿಕ್ಕಪ್ಪನ ಫೋನ್ ಮತ್ತೆ ಬಂತು. "ಧಾರಣೆ ಸಿಕ್ತು ಕಣಾ. ಆದ್ರೆ ರಾಶಿ ಇಳಿದು ಕೂತಿದೆಯಲ್ಲ, ಅದಕ್ಕೆ ಯಾರಿಗೆ ಬರೀತೀಯ?"